ಭಿಡೆ ವಾಡಾ ತೋರಿಸುತ್ತೇವೆಂದು ದುಡ್ಡು ತೆಗೆದುಕೊಂಡು ಬಳೆ ಅಂಗಡಿಗೆ ಕರೆದೊಯ್ದವರಿಗೆ

ಇವರಿಗೆ,
ವ್ಯವಸ್ಥಾಪಕರು,
ನಗರ ನಡಿಗೆ ವಿಭಾಗ, ಪುಣೆ

ವಿಷಯ: ಪುಣೆಯ ಮಹಿಳೆಯರು ಮತ್ತು ಅಲ್ಪಸಂಖ್ಯಾತರ ಇತಿಹಾಸದ ನಡಿಗೆ. ಹಣ ವಾಪಸ್ ಮತ್ತು ನಿಮ್ಮ ಗೈಡ್ ನಡವಳಿಕೆ ಬಗ್ಗೆ.

ಮಾನ್ಯರೇ,

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕನ್ನಡ ಗೈಡ್ ಬೇಕಾದರೆ ತಲೆಗೆ 200 ರೂಪಾಯಿ ಜಾಸ್ತಿ ಎಂದು ನೀವು ವಸೂಲಿ ಮಾಡಿದ್ದೀರಿ. ಹಾಗಾಗಿ ಓದುವವರು ನಿಮ್ಮಲ್ಲಿ ಯಾರಾದರೂ ಇರಲೇಬೇಕು ಅಲ್ವಾ? ಫೋನ್ ಮಾಡಿದ್ದಾಯಿತು, ವಾಟ್ಸಾಪ್ ಮಾಡಿದ್ದಾಯಿತು, ಮೇಲ್ ಹಾಕಿದ್ದಾಯಿತು. ನಿನ್ನೆ ನಿಮ್ಮಿಂದ ಬಂದ ಮೆಸೇಜ್ ನೋಡಿದ ಮೇಲೆ ಇನ್ನು ನಯವಾಗಿ ಮಾತಾಡಿ ಉಪಯೋಗವಿಲ್ಲ ಅನ್ನಿಸಿತು. ಆ ಮೆಸೇಜಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬುಕ್ ಮಾಡಿದವಳು ನಾನೇ. ಕರ್ವೆ ನಗರ, ಕೋಥ್ರೂಡ್ ಕಡೆಯ ನಾವೊಂದಷ್ಟು ಕನ್ನಡದ ಹೆಂಗಸರು, ಜೊತೆಗೆ ನಮ್ಮತ್ತೆ. ನಿಮ್ಮ ಪಟ್ಟಿಯಲ್ಲಿ ಏನಿತ್ತು ಎಂದು ನಾನು ನೆನಪಿಸಬೇಕೇ? ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ಶುರುಮಾಡಿದ ಬುಧವಾರ ಪೇಠೆಯ ಭಿಡೆ ವಾಡಾ, ಅವರ ಮನೆಯಾದ ಗಂಜ್ ಪೇಠೆಯ ಫುಲೆ ವಾಡಾ, ವಿಧವೆಯರ ಓದಿಗಾಗಿ ದುಡಿದ ಪಂಡಿತಾ ರಮಾಬಾಯಿ ಕುರಿತು ಅರ್ಧ ಗಂಟೆ, ಕ್ಯಾಂಪಿನ ಲಾಲ್ ದೇವಳ್ ಎಂಬ ಸಿನಗಾಗ್ (ಯೆಹೂದ್ಯರ ಪ್ರಾರ್ಥನಾ ಮಂದಿರ), ರಾಸ್ತಾ ಪೇಠೆಯ ಬೆನೆ ಇಸ್ರೇಲಿ ಯೆಹೂದ್ಯರ ಸಿನಗಾಗ್. ಬೆಳಿಗ್ಗೆ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯಬೇಕಿತ್ತು. ಇದರಲ್ಲಿ ನಾವು ಸರಿಯಾಗಿ ನೋಡಿದ್ದು ಒಂದೂ ಇಲ್ಲ. ಹೊರಗಿನಿಂದ ನೋಡಿದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತೀರಾದರೆ ಎರಡು.

ಗೈಡ್ ಬದಲಾಗಿದ್ದನ್ನು ನಮಗೆ ಹೇಳಲಿಲ್ಲ. ಅದಕ್ಕೂ ನಿಮ್ಮಲ್ಲಿ ನಿಯಮ ಇದೆ, ನೀವೇ ಬರೆದದ್ದು, ನಾನು ಬಿಡಿಸಿ ಹೇಳುವುದಿಲ್ಲ. ಬಂದ ಹುಡುಗ ಬೆಳಗಾವಿ ಕಡೆಯವನು. ಕನ್ನಡ ಚೆನ್ನಾಗಿತ್ತು, ಅದೊಂದು ಸುಳ್ಳು ಹೇಳಲಾರೆ. ಕೊರಳಲ್ಲಿ ಸಣ್ಣ ಸ್ಪೀಕರ್, ಕೆನ್ನೆಯ ಹತ್ತಿರ ಮೈಕು.

ಭಿಡೆ ವಾಡಾ ಮುಂದೆ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ. ನಿಮ್ಮ ಕಸ್ಟಮರ್ ಕೇರ್‌ನವರು ಪ್ರತಿ ಸಲ "ಆಯ್ತು ಮೇಡಂ, ಸಾರಾಂಶ ಗೊತ್ತಾಯ್ತು" ಎಂದು ಮಧ್ಯದಲ್ಲೇ ತಡೆದಿದ್ದಾರೆ.

ಜಾಗ ನಿಮಗೆ ಗೊತ್ತು. ಎದುರಿಗೆ ದಗಡೂಶೇಟ್ ಗಣಪತಿ ಗುಡಿ, ದರ್ಶನಕ್ಕೆ ಉದ್ದ ಸಾಲು, ಹೂವಿನವರು, ರಿಕ್ಷಾ ಹಾರ್ನು. ಹುಡುಗ ನಿಲ್ಲದೆ ಮುಂದೆ ಹೋಗುತ್ತಿದ್ದ. "ಇದೇ ಅಲ್ವಾ ಭಿಡೆ ವಾಡಾ?" ಎಂದು ನಾನು ಕರೆದೆ. "ಹೌದ್ರೀ ಆಂಟಿ, ಕೆಡವ್ಯಾರ. ಈಗ ಏನಿಲ್ಲ ಇಲ್ಲೆ, ಬರ್ರಿ" ಅಂದ. ಕೆಡವಿದ್ದು ನಮಗೂ ಗೊತ್ತು. ವರ್ಷಗಟ್ಟಲೆ ಕೋರ್ಟಿನಲ್ಲಿ ಎಳೆದಾಡಿ, 2023ರ ಡಿಸೆಂಬರ್‌ನಲ್ಲಿ ಸ್ಮಾರಕ ಕಟ್ಟುವುದಕ್ಕೆಂದೇ ಹಳೆಯ ಕಟ್ಟಡ ಉರುಳಿಸಿದರು. ಆದರೆ 1848ರಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ಶುರುಮಾಡಿದ್ದು ಇದೇ ಜಾಗದಲ್ಲಿ. ಗೋಡೆ ಇಲ್ಲ ಅಂದಮಾತ್ರಕ್ಕೆ ಹೇಳುವ ವಿಷಯವೂ ಇಲ್ಲವೇ? ಗೋಡೆ ಇದ್ದಿದ್ದರೆ ನಾವೇ ನೋಡಿಕೊಳ್ಳುತ್ತಿದ್ದೆವು, ನಿಮ್ಮ ಗೈಡ್ ಯಾಕೆ ಬೇಕಿತ್ತು?

"ನಿಂತು ಎರಡು ಮಾತು ಹೇಳಪ್ಪ" ಅಂದೆ. ಅವನು ಫೋನ್ ತೆಗೆದು ಓದಿದ. ಸಾವಿತ್ರಿಬಾಯಿ ಹುಟ್ಟಿದ್ದು 1831, ಸಾತಾರಾ ಜಿಲ್ಲೆ, ಮೊದಲ ಶಿಕ್ಷಕಿ, ಮುಗೀತು. "ಫಾತಿಮಾ ಶೇಖ್ ಬಗ್ಗೆ?" ಎಂದು ಕೇಳಿದೆ. ನಿಮ್ಮ ಬ್ರೋಷರ್‌ನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುವ ಹೆಸರು ಅದು. ಜೋತಿರಾವ್ ತಂದೆಯ ಮನೆ ಬಿಟ್ಟು ಹೊರಬಂದಾಗ ಆಶ್ರಯ ಕೊಟ್ಟ ಉಸ್ಮಾನ್ ಶೇಖ್ ಮನೆಯ ಹೆಣ್ಣುಮಗಳು. 1856ರಲ್ಲಿ ಸಾವಿತ್ರಿಬಾಯಿ ಗಂಡನಿಗೆ ಬರೆದ ಪತ್ರದಲ್ಲಿ ಫಾತಿಮಾ ಹೆಸರಿದೆ. ತಾನಿಲ್ಲದಾಗ ಅವಳಿಗೆ ಕೆಲಸದ ಹೊರೆ ಬೀಳುತ್ತಿರಬಹುದು, ಆದರೂ ಗೊಣಗುವವಳಲ್ಲ ಅನ್ನುವ ಅರ್ಥದ ಮಾತು. ಹುಡುಗ ಫೋನ್ ಮೇಲೆ ಕೆಳಗೆ ಸರಿಸಿದ. "ಇದರಾಗ ಇಲ್ರೀ" ಅಂದ.

"ಇಲ್ಲ ಅಂದ್ರೆ?"

"ನಮಗ ಕೊಟ್ಟಿದ್ದರಾಗ ಇಲ್ರೀ ಆಂಟಿ. ನೀವು ಟೀಚರ್ ಏನ್ರೀ?"

ಅಲ್ಲ ಅಂದೆ. ಅಂಚೆ ಕಚೇರಿಯಲ್ಲಿ ಕೆಲಸ ಅಂದೆ.

"ಮತ್ತ ಯಾಕ್ರೀ ಇಷ್ಟು ತಲಿ ಕೆಡಿಸ್ಕೊಂತೀರಿ?" ಎಂದು ನಕ್ಕ. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಸ್ಪೀಕರ್ ದನಿ ಏರಿಸಿದ. "ನಮ್ಮ ಆಂಟಿಗೆ ಇವತ್ತ ಪರೀಕ್ಷೆ ಐತಿ, ಎಲ್ಲಾರೂ ಒಮ್ಮೆ ಜೋರ್ ಚಪ್ಪಾಳಿ ಹೊಡೀರಿ!" ಅಂದ. ಇದನ್ನೇ ಇನ್ನೊಮ್ಮೆ ಮರಾಠಿಯಲ್ಲಿ ಹೇಳಿದ. ಯಾಕೆಂದರೆ ಗುಡಿ ಸಾಲಿನಲ್ಲಿ ನಿಂತವರಿಗೂ ಅರ್ಥ ಆಗಬೇಕಲ್ಲ. ಆ ಸಾಲಿನಲ್ಲಿ ಒಂದಷ್ಟು ಜನ ನಿಜವಾಗಿಯೂ ಚಪ್ಪಾಳೆ ಹೊಡೆದರು. ಒಬ್ಬ ಫೋನಿನಲ್ಲಿ ವೀಡಿಯೊ ಮಾಡಿದ. ಹೂವಿನವಳು ನನ್ನನ್ನೇ ನೋಡಿದಳು. ನಾನು ಕೈಚೀಲ ಹಿಡಿದು ಅಲ್ಲೇ ನಿಂತಿದ್ದೆ, ಏನು ಹೇಳುವುದೂ ತೋಚಲಿಲ್ಲ. ಹೆಣ್ಣುಮಕ್ಕಳಿಗೆ ಓದು ಕಲಿಸಲು ಹೋದ ಸಾವಿತ್ರಿಬಾಯಿ ಮೇಲೆ ಇದೇ ಊರಿನ ಬೀದಿಗಳಲ್ಲಿ ಜನ ಸಗಣಿ ಎಸೆದರು ಎಂದು ಓದಿದ್ದೇವೆ. ಅದರ ಒಂದು ಸಣ್ಣ ಪ್ರಾತ್ಯಕ್ಷಿಕೆಯೂ ಪ್ಯಾಕೇಜಿನಲ್ಲಿ ಸೇರಿದೆ ಎಂದು ನೀವು ಮೊದಲೇ ಹೇಳಬೇಕಿತ್ತು.

ಆಗ ನಮ್ಮತ್ತೆ ಮುಂದೆ ಬಂದರು. ಅವರು ಕಾರ್ಕಳದ ಕಡೆಯವರು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅತ್ತೆಗೆ ಅದೊಂದು ದೊಡ್ಡ ಅಭಿಮಾನ. ಮಂಡಿ ನೋವಿದ್ದರೂ ಬಂದದ್ದು ಆ ಅರ್ಧ ಗಂಟೆಗಾಗಿ. "ರಮಾಬಾಯಿದು ಎಲ್ಲಿ ಹೇಳುದು ಮಗಾ?" ಎಂದು ಮೆತ್ತಗೆ ಕೇಳಿದರು. ಆ ಹುಡುಗನ ಉತ್ತರ: "ಅವ್ರು ಕ್ರಿಶ್ಚಿಯನ್ ಆದ್ರಲ್ರೀ ಅಜ್ಜಿ. ಅದನ್ನ ಈಗ ಹೇಳೂದ್ ಬಿಟ್ಟೇವಿ. ಕಂಪ್ಲೇಂಟ್ ಬರ್ತಾವ."

ಬಂತು ನೋಡಿ, ಕಂಪ್ಲೇಂಟ್.

ಅಲ್ಪಸಂಖ್ಯಾತರ ಇತಿಹಾಸ ತೋರಿಸುತ್ತೇವೆಂದು ದುಡ್ಡು ತೆಗೆದುಕೊಳ್ಳುವುದು, ಅವರು ಅಲ್ಪಸಂಖ್ಯಾತರು ಎಂಬ ಕಾರಣಕ್ಕೇ ಕೈಬಿಡುವುದು. ಇದು ಯಾವ ಸೀಮೆಯ ವ್ಯಾಪಾರ ಸ್ವಾಮಿ? ಗಂಡ ತೀರಿಕೊಂಡ ಮೇಲೆ ಮಗಳನ್ನು ಎತ್ತಿಕೊಂಡು 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದವರು ರಮಾಬಾಯಿ. ಅದೇ ವರ್ಷ ಶಿಕ್ಷಣದ ಬಗ್ಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಹೆಂಗಸರಿಗೆ ಹೆಂಗಸರೇ ಟೀಚರ್ ಬೇಕು, ಡಾಕ್ಟರ್ ಬೇಕು ಎಂದು ಸಾಕ್ಷಿ ಹೇಳಿದರು. ಮುಂಬೈಯಲ್ಲಿ 1889ರಲ್ಲಿ ಶುರುವಾದ ಶಾರದಾ ಸದನ ಮರುವರ್ಷ ಪುಣೆಗೇ ಬಂತು. ವಿಧವೆಯರು ಅಲ್ಲಿದ್ದು ಓದಿದರು. ಧರ್ಮದ ವಿಚಾರಕ್ಕೆ ಆಗ ಊರಿನವರು ಅವರ ಮೇಲೆ ಮುಗಿಬಿದ್ದದ್ದೂ ನಿಜ. ಹೇಳಬೇಕಾದದ್ದೇ ಅದು! ಕಂಪ್ಲೇಂಟ್ ಹೆದರಿಕೆ ಇದ್ದರೆ ಸುಮ್ನೆ ಮಿಸಳ್ ತಿನ್ನಿಸುವ ಟೂರ್ ಮಾಡಿ, ಯಾರೂ ಏನೂ ಅನ್ನುವುದಿಲ್ಲ.

ಆಮೇಲೆ "ಲೇಡೀಸ್‌ಗೆ ಇದಽ ಖರೇ ಹಿಸ್ಟರಿ" ಎಂದು ನಮ್ಮನ್ನು ತುಳಶಿಬಾಗ್ ಮಾರ್ಕೆಟ್ಟಿಗೆ ನುಗ್ಗಿಸಿದ. ಒಂದು ಬಳೆ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಅಂಗಡಿಯವನು ಅವನಿಗೆ ಚಹಾ ಕೊಟ್ಟ, ಹೆಸರು ಹಿಡಿದು ಕರೆದ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ, ನಿಮಗೆ ಗೊತ್ತಿಲ್ಲದ ಲೆಕ್ಕವೇನಲ್ಲ. ಇದರಿಂದ ಹೊತ್ತಾಯಿತೆಂದು ಫುಲೆ ವಾಡಾ ಕೈಬಿಟ್ಟ. 1868ರಲ್ಲಿ ಫುಲೆ ದಂಪತಿ ಎಲ್ಲ ಜಾತಿಯವರಿಗೂ ತಮ್ಮ ಮನೆಯ ನೀರು ತೆರೆದಿಟ್ಟ ಜಾಗವನ್ನು ಬಿಟ್ಟು ನಾವು ಡಜನ್‌ಗೆ ಎಷ್ಟು ಎಂದು ಚೌಕಾಸಿ ನೋಡಿದೆವು.

ಲಾಲ್ ದೇವಳ್ ಕತೆ ಇನ್ನೂ ಚೆಂದ. ನೀವು ನಮ್ಮನ್ನು ಕರೆದೊಯ್ದದ್ದು ಶನಿವಾರ. ಯೆಹೂದ್ಯರಿಗೆ ಶನಿವಾರ ಸಬ್ಬತ್, ಪ್ರಾರ್ಥನೆಯ ದಿನ. ಸಿನಗಾಗ್ ತೋರಿಸುವ ಕಂಪನಿಗೆ ಇಷ್ಟು ಗೊತ್ತಿರಬೇಡವೇ? ಮೊದಲೇ ಅನುಮತಿ ತೆಗೆದುಕೊಳ್ಳುತ್ತೇವೆಂದು ನಮ್ಮೆಲ್ಲರ ಆಧಾರ್ ಪ್ರತಿ ತರಿಸಿಕೊಂಡಿದ್ದಿರಿ. ಗೇಟಿನಲ್ಲಿ ಕೇಳಿದಾಗ ಹುಡುಗನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಕಾವಲಿನವರು ಮರ್ಯಾದೆಯಿಂದಲೇ ಇಲ್ಲ ಅಂದರು. ತಪ್ಪು ಅವರದ್ದಲ್ಲ. ನಮ್ಮ ಆಧಾರ್ ಪ್ರತಿಗಳು ಈಗ ಎಲ್ಲಿವೆ? ಇದಕ್ಕೆ ಬೇರೆ ಉತ್ತರ ಬೇಕು. ಯೆಹೂದಿ ವ್ಯಾಪಾರಿ ಡೇವಿಡ್ ಸಸೂನ್ ಕಟ್ಟಿಸಲು ಹಿಡಿದು, ಅವರು ತೀರಿದ ಮೇಲೆ 1867ರಲ್ಲಿ ಮುಗಿದ ಆ ಕೆಂಪು ಕಟ್ಟಡವನ್ನು ನಮ್ಮ ಗೈಡ್ ರಸ್ತೆಯ ಆಚೆಯಿಂದ ತೋರಿಸಿ "ಭಾಳ ಹಳೇ ಚರ್ಚ್‌ರೀ" ಅಂದ. ಎತ್ತರದ ಗೋಪುರ ಇದ್ದದ್ದೆಲ್ಲ ಚರ್ಚ್ ಆಗುವುದಾದರೆ ಮಂಡಯಿ ಮಾರ್ಕೆಟ್ಟಿಗೂ ಒಬ್ಬ ಪಾದ್ರಿ ಬೇಕಾದೀತು. ರಾಸ್ತಾ ಪೇಠೆಗೆ ಹೋಗಲೇ ಇಲ್ಲ. ಅತ್ತೆಗೆ ಕಾಲು ಬಾತಿತ್ತು, ನಾವು ರಿಕ್ಷಾ ಹಿಡಿದು ಮನೆಗೆ ಬಂದೆವು.

ಇದನ್ನೇ ಹಿಡಿದುಕೊಂಡು ನಿಮ್ಮವರು "ಗ್ರೂಪ್ ತಾನಾಗಿ ಅರ್ಧಕ್ಕೆ ಬಿಟ್ಟಿದೆ, ರಿಫಂಡ್ ಬರುವುದಿಲ್ಲ" ಎಂದರು. ಜಾಗ ತಪ್ಪಿಸಿದರೆ ಏನು ಎಂಬ ನಿಮ್ಮ ಆರನೇ ನಿಯಮ ಓದಿ ಅಂದರೆ, "ಅದು ಗೈಡ್ ವಿವೇಚನೆ ಮೇಡಂ" ಅಂತಾರೆ. ಆರನೇ ನಿಯಮದಲ್ಲಿ ವಿವೇಚನೆ ಎಂಬ ಮಾತು ಎಲ್ಲಿದೆ ಎಂದು ದಯವಿಟ್ಟು ಬೆರಳಿಟ್ಟು ತೋರಿಸಿ. ಕೊನೆಗೆ ನಿನ್ನೆಯ ಮೆಸೇಜ್. ನಮ್ಮ ಬೇಸರ ಕಳೆಯಲು ಮುಂದಿನ ಟೂರಿಗೆ ಶೇಕಡಾ 20 ರಿಯಾಯಿತಿ. ಯಾವ ಟೂರು? ಶನಿವಾರ್ ವಾಡಾದ ದೆವ್ವದ ನಡಿಗೆ. ಸಂತೋಷ. ದೆವ್ವಗಳ ಬಗ್ಗೆಯಾದರೂ ನಿಮ್ಮ ಗೈಡ್‌ಗೆ ಯಾರೂ ಕಂಪ್ಲೇಂಟ್ ಮಾಡುವುದಿಲ್ಲ.

ಆ ಹುಡುಗನನ್ನು ಕೆಲಸದಿಂದ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಅವನಿಗೆ ಕಲಿಸದೆ, ಒಂದು ಫೋನ್ ಕೊಟ್ಟು ರಸ್ತೆಗೆ ಬಿಟ್ಟವರು ನೀವು. ತಲೆಗೆ 1,400 ರೂಪಾಯಿಯಂತೆ ಪೂರ್ತಿ ಹಣ, ಕನ್ನಡದ 200 ಸೇರಿಸಿ, ವಾಪಸ್ ಬರಬೇಕು. ಅತ್ತೆಗೆ ಲಿಖಿತ ಕ್ಷಮೆ ಬೇಕು. ಗಡುವು ಈ ತಿಂಗಳ ಕೊನೆ.

ಬರದಿದ್ದರೆ ಮೊದಲು 1915 ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ದೂರು ಹಾಕಬಹುದು, ವಕೀಲರು ಬೇಕಿಲ್ಲ, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಸ್ಪೀಡ್ ಪೋಸ್ಟು, ಸ್ವೀಕೃತಿ, ಪ್ರತಿಗಳು ಇವೆಲ್ಲ ನನ್ನ ದಿನನಿತ್ಯದ ಕೆಲಸ, ಹಾಗಾಗಿ ಬೇಸರ ಮಾಡಿಕೊಂಡು ಬಿಟ್ಟುಬಿಡುತ್ತಾಳೆ ಅಂದುಕೊಳ್ಳಬೇಡಿ.

ಇನ್ನೊಂದು. ಬರುವ ಜನವರಿ 3, ಸಾವಿತ್ರಿಬಾಯಿ ಹುಟ್ಟುಹಬ್ಬದ ದಿನ, ನಾವು ಹೆಂಗಸರೇ ಸೇರಿ ಇದೇ ದಾರಿಯಲ್ಲಿ ನಡಿಗೆ ಮಾಡುತ್ತಿದ್ದೇವೆ. ಕನ್ನಡದಲ್ಲಿ, ಮರಾಠಿಯಲ್ಲಿ, ಬಿಟ್ಟಿಯಾಗಿ. ಫಾತಿಮಾ ಶೇಖ್ ಇರುತ್ತಾರೆ, ರಮಾಬಾಯಿ ಬಗ್ಗೆ ಅತ್ತೆಯೇ ಮಾತಾಡುತ್ತಾರೆ. ಪ್ರತಿ ಜಾಗದಲ್ಲೂ ನಿಮ್ಮ ಗೈಡ್ ಅಲ್ಲಿ ಏನು ಹೇಳಿದ ಎನ್ನುವುದನ್ನೂ ಹೇಳುತ್ತೇವೆ. ನಿಮ್ಮ ಕಂಪನಿಯ ಹೆಸರು ಎತ್ತಬೇಕೋ ಬೇಡವೋ ಎಂಬುದು ಹಣ ಬಂದ ಮೇಲೆ ಯೋಚಿಸುವ ವಿಷಯ. ಬಂದರೂ ಎತ್ತುತ್ತೇನೆ ಅಂತಲೇ ಅನ್ನಿಸುತ್ತಿದೆ.

ಇಂತಿ,
ಪರೀಕ್ಷೆ ಆಂಟಿ
ಕರ್ವೆ ನಗರ, ಪುಣೆ
(ಬುಕಿಂಗ್ ನಂಬರ್ ನಿಮ್ಮ ಹತ್ತಿರವೇ ಇದೆ, ರೇಟಿಂಗ್ ಕೊಡಿ ಎಂದು ದಿನಾ ಅದೇ ನಂಬರ್ ಹಾಕಿ ಮೆಸೇಜ್ ಕಳಿಸುತ್ತಿದ್ದೀರಿ.)