ತೊಟ್ಟಿಲು ಎಲ್ಲಿಡಲಿ ಅಂತ ಕೇಳಿದ್ದೆಯಲ್ಲ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ರೂಮಿನ ನಕ್ಷೆ ಬಂತು. ಮಂಚ, ಬೀರು, ಬಾಗಿಲು, ಕಿಟಕಿ ಎಲ್ಲದಕ್ಕೂ ಅಳತೆ ಹಾಕಿದ್ದೀಯ, ಭೇಷ್. ತೊಟ್ಟಿಲಿಗೆ ಕಿಟಕಿಯ ಕೆಳಗೆ, ಮಂಚದ ಕಾಲಕಡೆ ಜಾಗ ಗುರುತು ಮಾಡಿದ್ದೀಯ. ಬೆಳಕು ಬರುತ್ತದೆ, ಓಡಾಡೋಕೆ ಜಾಗ ಉಳಿಯುತ್ತದೆ, ನೋಡೋಕೂ ಚೆನ್ನಾಗಿರುತ್ತದೆ ಅಂತ ನಿನ್ನ ಲೆಕ್ಕ. ನನಗೆ ಆ ಜಾಗ ಒಪ್ಪಿಗೆ ಇಲ್ಲ ಕಣೋ.

ನೀನು ಹಗಲು ಹೊತ್ತಿನಲ್ಲಿ, ನಿಂತುಕೊಂಡು ರೂಮು ನೋಡಿದ್ದೀಯ. ತೊಟ್ಟಿಲಿನ ಜಾಗವನ್ನು ರಾತ್ರಿ ಹೊತ್ತು, ಮಲಗಿಕೊಂಡು ನೋಡಬೇಕು. ಇವತ್ತೇ ಒಂದು ಕೆಲಸ ಮಾಡು. ನಿನ್ನ ಹೆಂಡತಿ ಮಲಗುವ ಮಗ್ಗುಲಲ್ಲಿ ನೀನು ಮಲಗು. ದೀಪ ಆರಿಸು. ಕೈ ಚಾಚು. ಎಲ್ಲಿಯವರೆಗೆ ಕೈ ಹೋಗುತ್ತದೋ ಅಷ್ಟರೊಳಗೆ ಮಗು ಇರಬೇಕು. ಬೇರೆ ಲೆಕ್ಕವೆಲ್ಲ ಆಮೇಲೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಹೊಸ ಮಗು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ ಅನ್ನುವುದು ನಿಜ. ಆದರೆ ಅದೆಲ್ಲ ತುಂಡು ತುಂಡು ನಿದ್ದೆ. ಅದರ ಹೊಟ್ಟೆ ಸಣ್ಣದು. ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕೇ ಬೇಕು. ದಿನಕ್ಕೆ 8ರಿಂದ 12 ಸಲ ಅಂತ ಇಟ್ಟುಕೋ. ಅದಕ್ಕೆ ಹಗಲು ಯಾವುದು, ರಾತ್ರಿ ಯಾವುದು ಅನ್ನುವುದೂ ಗೊತ್ತಿರುವುದಿಲ್ಲ. ತೊಟ್ಟಿಲು ಮಂಚದ ಕಾಲಕಡೆ ಇದ್ದರೆ ಪ್ರತಿ ಸಲವೂ ಅವಳು ಎದ್ದು, ನಡೆದು, ಬಗ್ಗಿ ಎತ್ತಿಕೊಳ್ಳಬೇಕು. ಮತ್ತೆ ಅಷ್ಟೇ ದೂರ ಹೋಗಿ ಮಲಗಿಸಿ ಬರಬೇಕು. ಮೊದಲ ಕೆಲವು ರಾತ್ರಿ ಹುರುಪಿನಲ್ಲಿ ಮಾಡುತ್ತಾಳೆ. ಆಮೇಲೆ ಒಂದು ರಾತ್ರಿ, ಹಾಲು ಕುಡಿದು ಮಗು ಎದೆಯ ಮೇಲೇ ಮಲಗಿದಾಗ, 'ಇರಲಿ, ಇನ್ನೈದು ನಿಮಿಷ ಬಿಟ್ಟು ಎದ್ದರಾಯಿತು' ಅನ್ನಿಸುತ್ತದೆ. ಆ ಐದು ನಿಮಿಷದಲ್ಲಿ ಅವಳಿಗೆ ಗೊತ್ತಿಲ್ಲದೆ ನಿದ್ದೆ ಬಂದುಬಿಡುತ್ತದೆ. ಸುತ್ತ ದಿಂಬು, ರಗ್ಗು, ಪಕ್ಕದಲ್ಲಿ ನೀನು. ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಅಪಾಯ ಬರುವುದು ಹೆಚ್ಚಾಗಿ ಹೀಗೆ, ಯಾರೂ ಯೋಚಿಸಿ ಮಾಡದ ಕೆಲಸದಿಂದ. ಅದಕ್ಕೇ ಅವಳಿಗೆ ಯಾವುದು ಸುಲಭವೋ ಅದೇ ಮಗುವಿಗೂ ಕ್ಷೇಮ ಆಗುವ ಹಾಗೆ ರೂಮು ಜೋಡಿಸಬೇಕು.

ಹಾಲು ಕುಡಿಸೋಕೆ ಅಂತ ಮೂಲೆಯಲ್ಲಿ ಮೆತ್ತನೆಯ ಕುರ್ಚಿ ತೋರಿಸಿದ್ದೀಯ. ಹಗಲಿಗೆ ಅದು ಸರಿ. ರಾತ್ರಿ ಬೇಡ. ಸೋಫಾ ಅಥವಾ ಮೆತ್ತನೆಯ ಕುರ್ಚಿಯಲ್ಲಿ ಮಗುವನ್ನು ಹಿಡಿದುಕೊಂಡು ನಿದ್ದೆ ಹೋಗುವುದು ಎಲ್ಲದಕ್ಕಿಂತ ಅಪಾಯ. ಮಗು ಜಾರಿ ಕೈತೋಳಿಗೂ ಮೆತ್ತೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ನಿದ್ದೆ ತೂಗುತ್ತಿದೆ ಅನ್ನಿಸಿದರೆ ಕುರ್ಚಿಗಿಂತ ಮಂಚದ ಮೇಲೆ ಕೂತು ಕುಡಿಸುವುದೇ ಮೇಲು, ದಿಂಬು ರಗ್ಗು ದೂರ ಸರಿಸಿ. ಎಚ್ಚರವಾದ ತಕ್ಷಣ ಮಗುವನ್ನು ಅದರ ಜಾಗಕ್ಕೆ ಮಲಗಿಸಲಿ. ಇದು ನಿನ್ನ ಹೆಂಡತಿಗೆ ಮಾತ್ರ ಅಲ್ಲ, ನಿನಗೂ ಅನ್ವಯ. ಮಗುವನ್ನು ಎದೆಮೇಲೆ ಹಾಕಿಕೊಂಡು ಟಿವಿ ಮುಂದೆ ಗೊರಕೆ ಹೊಡೆಯುವ ಅಪ್ಪಂದಿರನ್ನು ಬಹಳ ನೋಡಿದ್ದೇನೆ.

ಈಗ ಮಂಚದ ಯಾವ ಮಗ್ಗುಲು ಅನ್ನುವ ಪ್ರಶ್ನೆ. ಅವಳ ಮಗ್ಗುಲೇ. ಮಂಚದ ಹಾಸಿಗೆ ಎಷ್ಟು ಎತ್ತರ ಇದೆಯೋ ತೊಟ್ಟಿಲಿನ ಹಾಸಿಗೆಯೂ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಬಂದರೆ ಒಳ್ಳೆಯದು. ಸಿಸೇರಿಯನ್ ಆದರೆ ಈ ಎತ್ತರದ ಬೆಲೆ ಗೊತ್ತಾಗುತ್ತದೆ. ಹೊಟ್ಟೆಗೆ ಹೊಲಿಗೆ ಬಿದ್ದವರಿಗೆ ಬಗ್ಗಿ ಎತ್ತುವುದು, ಸೊಂಟ ತಿರುಗಿಸುವುದು ಎರಡೂ ಕಷ್ಟ. ಅವಳು ಯಾವ ಕಡೆಗೆ ತಿರುಗಿ ಏಳುತ್ತಾಳೆ ಅಂತ ಈಗಲೇ ಕೇಳಿ ನೋಡು. ಎಡಗಡೆ ತಿರುಗಿ ಏಳುವ ರೂಢಿ ಇದ್ದರೆ ತೊಟ್ಟಿಲು ಎಡಗಡೆಗೆ, ಅದಕ್ಕಾಗಿ ನೀವಿಬ್ಬರೂ ಮಗ್ಗುಲು ಅದಲುಬದಲು ಮಾಡಿಕೊಳ್ಳಬೇಕಾದರೆ ಮಾಡಿಕೊಳ್ಳಿ. ಅವಳಿಗೂ ಬಾತ್‌ರೂಮಿಗೂ ನಡುವೆ ತೊಟ್ಟಿಲಿನ ಕಾಲು ಅಡ್ಡ ಬರಬಾರದು. ಕತ್ತಲಲ್ಲಿ ಎಡವುವುದು ಬೇಡ. ಡಯಾಪರ್, ಒರೆಸುವ ಬಟ್ಟೆ, ಬದಲಿ ಅಂಗಿ ಎಲ್ಲ ನಿನ್ನ ಮಗ್ಗುಲಲ್ಲಿ ಇರಲಿ. ಯಾಕೆ ಅಂತ ಬಿಡಿಸಿ ಹೇಳಬೇಕಾ?

ಮಂಚಕ್ಕೆ ಅಂಟಿಸಿ ಕಟ್ಟುವ, ಒಂದು ಪಕ್ಕ ತೆರೆದಿರುವ ತೊಟ್ಟಿಲು ನೋಡಿದ್ದೀರಂತೆ. ಚೆನ್ನಾಗಿರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅದರ ಹಾಸಿಗೆಗೂ ನಿಮ್ಮ ಹಾಸಿಗೆಗೂ ನಡುವೆ ಸಂದು ಇರಬಾರದು, ಎತ್ತರದಲ್ಲಿ ಏರುಪೇರೂ ಇರಬಾರದು. ಪಟ್ಟಿ ಬಿಗಿದು ಕಟ್ಟಿ, ಆಗಾಗ ಎಳೆದು ನೋಡು. ಆ ಸಂದನ್ನು ದಿಂಬು ಅಥವಾ ಬಟ್ಟೆ ತುರುಕಿ ಮುಚ್ಚುವ ಉಪಾಯ ಮಾತ್ರ ಮಾಡಬೇಡ. ಮಗು ಹೊರಳೋಕೆ ಶುರು ಮಾಡಿದರೆ, ಇಲ್ಲವೇ ಕೈಯೂರಿ ಎದ್ದೇಳೋಕೆ ನೋಡಿದರೆ ಅದರ ಕೆಲಸ ಮುಗಿಯಿತು. ಅದು ನಾಲ್ಕೈದು ತಿಂಗಳಿಗೇ ಆಗಬಹುದು. ಅಷ್ಟು ಹೊತ್ತಿಗೆ ಆಳವಾದ ದೊಡ್ಡ ತೊಟ್ಟಿಲು ತಯಾರಿರಲಿ. ಅದರ ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಇರಬಾರದು. ಜಾಸ್ತಿ ಇದ್ದರೆ ಮೈ ಹೊರಗೆ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಯಾರೋ ಕೊಟ್ಟ ಹಳೇ ತೊಟ್ಟಿಲಾದರೆ ಮೊದಲು ಸ್ಕೇಲ್ ಹಿಡಿ.

ಕಿಟಕಿ ಯಾಕೆ ಬೇಡ ಅಂತ ಕೇಳುತ್ತೀಯ. ಪರದೆ ಇದೆ, ಪರದೆಗೆ ದಾರ ಇದೆ. ಈಗ ಮಗುವಿಗೆ ಅದು ಎಟುಕುವುದಿಲ್ಲ, ಆದರೆ ಒಂದು ದಿನ ಎಟುಕುತ್ತದೆ, ಆ ದಿನ ನಿನಗೆ ಹೇಳಿ ಬರುವುದಿಲ್ಲ. ದಾರ ಕುತ್ತಿಗೆಗೆ ಸುತ್ತಿಕೊಂಡರೆ ಸದ್ದೂ ಆಗುವುದಿಲ್ಲ. ಬಿಸಿಲು ನೇರ ಬಿದ್ದರೆ ಮೈ ಕಾಯುತ್ತದೆ, ಚಳಿಯಲ್ಲಿ ಗಾಳಿ ಹೊಡೆಯುತ್ತದೆ. ಎಸಿ ಅಥವಾ ಹೀಟರಿನ ಗಾಳಿ ನೇರ ಬೀಳುವ ಜಾಗವೂ ಬೇಡ. ತಲೆಯ ಮೇಲೆ ಶೆಲ್ಫ್, ಫೋಟೋ, ಗಡಿಯಾರ ಯಾವುದೂ ಇರಬಾರದು. ಮಗುವನ್ನು ನೋಡೋಕೆ ಕ್ಯಾಮೆರಾ ಇಡುತ್ತೀಯಾದರೆ ಅದರ ವೈರು ತೊಟ್ಟಿಲಿನಿಂದ ಕಡೇಪಕ್ಷ ಒಂದು ಮೀಟರ್ ದೂರ. ಒಂದೇ ರೂಮಿನಲ್ಲಿ ಮಲಗುವವರಿಗೆ ಕ್ಯಾಮೆರಾ ಯಾಕೋ, ನನಗಂತೂ ತಿಳಿಯದು. ನಿದ್ದೆ ಬರಿಸುವ ಸದ್ದಿನ ಯಂತ್ರವನ್ನೂ ತೊಟ್ಟಿಲಿನ ಪಕ್ಕ ಇಡಬೇಡ. ಇಡಲೇಬೇಕಾದರೆ 2 ಮೀಟರ್ ದೂರದಲ್ಲಿ, ಸದ್ದು ತೀರ ಕಡಿಮೆ ಮಾಡಿ.

ಹಾಸಿಗೆಯ ವಿಷಯಕ್ಕೆ ಬರೋಣ. ಇಲ್ಲೇ ನಿಮ್ಮ ಮನೆಯಲ್ಲಿ ಜಗಳ ಆಗಲಿರುವುದು. ಮಗುವಿನ ಹಾಸಿಗೆ ಗಟ್ಟಿಯಾಗಿರಬೇಕು, ಸಪಾಟಾಗಿರಬೇಕು, ಮತ್ತೆ ಖಾಲಿಯಾಗಿರಬೇಕು. ಮೇಲೆ ಬಿಗಿಯಾಗಿ ಹೊಂದುವ ಒಂದು ಬಟ್ಟೆ, ಅಷ್ಟೇ. ದಿಂಬು ಬೇಡ, ರಗ್ಗು ಬೇಡ, ಗೊಂಬೆ ಬೇಡ, ಸುತ್ತ ಕಟ್ಟುವ ಮೆತ್ತೆಯೂ ಬೇಡ. ಆ ಸುತ್ತುಮೆತ್ತೆ ಮತ್ತು ಓರೆಯಾಗಿ ಮಲಗಿಸುವ ತೊಟ್ಟಿಲುಗಳ ಮಾರಾಟವನ್ನು ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿಯೇ ನಿಲ್ಲಿಸಿದರು. ಓರೆಯಾಗಿ ಮಲಗಿಸಿದರೆ ಮಗುವಿನ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ತುತ್ತದೆ, ಸಣ್ಣ ಉಸಿರುದಾರಿ ಮಡಚಿಕೊಳ್ಳುತ್ತದೆ. ಕಾರಿನ ಸೀಟಿನಲ್ಲಿ ನಿದ್ದೆ ಹೋದ ಮಗುವನ್ನು ಮನೆ ತಲುಪಿದ ಮೇಲೂ ಅದರಲ್ಲೇ ಬಿಡಬಾರದು ಅನ್ನುವುದು ಇದಕ್ಕೇ.

ಮಲಗಿಸುವುದು ಯಾವಾಗಲೂ ಅಂಗಾತ. ಮಗ್ಗುಲಾಗಿಯೂ ಬೇಡ, ಬೋರಲಾಗಿಯೂ ಬೇಡ. 'ಅಂಗಾತ ಮಲಗಿಸಿದರೆ ಹಾಲು ಕಕ್ಕಿ ಗಂಟಲಿಗೆ ಸಿಕ್ಕೀತು' ಅಂತ ನಿಮ್ಮಮ್ಮ ಹೆದರಿದ್ದಾಳೆ. ಅವಳದು ತಪ್ಪಿಲ್ಲ. ಒಂದು ಕಾಲದಲ್ಲಿ ಡಾಕ್ಟರುಗಳೇ ಬೋರಲು ಮಲಗಿಸಿ ಅನ್ನುತ್ತಿದ್ದರು. ಆದರೆ ದೇಹದ ರಚನೆ ನೋಡು. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತದೆ, ಅನ್ನದ ಕೊಳವೆ ಕೆಳಗಿರುತ್ತದೆ. ಕಕ್ಕಿದ ಹಾಲು ಮೇಲಕ್ಕೆ ಏರಿ ಉಸಿರಿನ ಕೊಳವೆಗೆ ಹೋಗುವುದು ಕಷ್ಟ. ಮಗು ನುಂಗುತ್ತದೆ, ಇಲ್ಲವೇ ಕೆಮ್ಮಿ ಹೊರಹಾಕುತ್ತದೆ. ಬೋರಲು ಹಾಕಿದರೆ ಇದೇ ತಿರುವುಮುರುವು ಆಗುತ್ತದೆ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ 'ಅಂಗಾತ ಮಲಗಿಸಿ' ಅಂತ ದೊಡ್ಡ ಪ್ರಚಾರ ನಡೆಯಿತು. ನಿದ್ದೆಯಲ್ಲೇ ಕಾರಣ ತಿಳಿಯದೆ ಮಕ್ಕಳು ತೀರಿಕೊಳ್ಳುವುದು ಮುಂದಿನ ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಇಳಿಯಿತು. ಒಂದು ಮಾತ್ರೆ ಇಲ್ಲ, ಒಂದು ಇಂಜೆಕ್ಷನ್ ಇಲ್ಲ. ಮಲಗಿಸುವ ಭಂಗಿ ಬದಲಾಯಿತು, ಅಷ್ಟೇ.

ಇಂಥ ಸಾವು ಹೆಚ್ಚಾಗಿ ಆಗುವುದು ಎರಡರಿಂದ ನಾಲ್ಕನೇ ತಿಂಗಳಲ್ಲಿ. ಆರು ತಿಂಗಳು ದಾಟಿದ ಮೇಲೆ ಬಹಳ ವಿರಳ. ನಿನ್ನನ್ನು ಹೆದರಿಸೋಕೆ ಇದನ್ನು ಬರೆಯುತ್ತಿಲ್ಲ. ಮೊದಲ ಆರು ತಿಂಗಳು ಮಗು ನಿಮ್ಮ ರೂಮಿನಲ್ಲೇ ಇರಲಿ ಅನ್ನುವುದರ ಹಿಂದೆ ಇರುವ ಲೆಕ್ಕ ನಿನಗೆ ತಿಳಿದಿರಲಿ ಅಂತ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅನ್ನುವ ಮಕ್ಕಳ ಡಾಕ್ಟರುಗಳ ಸಂಘ 2016ರಲ್ಲಿ ಹೇಳಿದ ಪ್ರಕಾರ, ಒಂದೇ ರೂಮಿನಲ್ಲಿ ಆದರೆ ಬೇರೆ ಹಾಸಿಗೆಯಲ್ಲಿ ಮಲಗಿಸಿದರೆ ಈ ಅಪಾಯ ಶೇ. 50ರವರೆಗೂ ಕಡಿಮೆಯಾಗಬಹುದು.

'ಬೇರೆ ಹಾಸಿಗೆ ಯಾಕೆ, ತಾಯಿ ಪಕ್ಕ ಮಲಗಿದರೆ ಏನಾಗುತ್ತದೆ' ಅಂತಲೂ ನಿಮ್ಮಮ್ಮ ಕೇಳಿದ್ದಾಳೆ. ಇದರಲ್ಲಿ ಡಾಕ್ಟರುಗಳೇ ಒಂದು ಮಾತಿಗೆ ಬಂದಿಲ್ಲ. ಈಗ ಹೇಳಿದ ಸಂಘ ಬೇಡ ಅನ್ನುತ್ತದೆ. ಎದೆಹಾಲಿನ ವಿಷಯದಲ್ಲೇ ಕೆಲಸ ಮಾಡುವ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2020ರಲ್ಲಿ ಬೇರೆ ಮಾತು ಹೇಳಿತು. ಎದೆಹಾಲು ಕುಡಿಸುವ ತಾಯಿ, ತಿಂಗಳು ತುಂಬಿ ಹುಟ್ಟಿದ ಗಟ್ಟಿ ಮಗು, ಬೇರೆ ಯಾವ ಅಪಾಯವೂ ಇಲ್ಲ ಅಂದರೆ ಒಟ್ಟಿಗೆ ಮಲಗಬಾರದು ಅಂತ ಕಡ್ಡಾಯ ಮಾಡಬೇಕಿಲ್ಲ, ಹೇಗೆ ಮಲಗಬೇಕು ಅಂತ ತಿಳಿಸಿಕೊಡಿ ಅಂದಿತು. ಆದರೆ ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ, ಕುಡಿದಿದ್ದರೆ, ಮಂಪರು ಬರುವ ಮಾತ್ರೆ ತೆಗೆದುಕೊಂಡಿದ್ದರೆ, ಮಗು ತಿಂಗಳು ತುಂಬದೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಒಟ್ಟಿಗೆ ಮಲಗುವ ಮಾತೇ ಇಲ್ಲ. ಇದರಲ್ಲಿ ಇಬ್ಬರದೂ ಒಂದೇ ಮಾತು. ಆಪರೇಷನ್ ಆದವರಿಗೆ ಕೊಡುವ ಕೆಲವು ನೋವಿನ ಮಾತ್ರೆಗಳೂ ಮಂಪರು ಬರಿಸುತ್ತವೆ, ಕೇಳಿ ತಿಳಿದುಕೊಳ್ಳಿ. ನೀನು ನಿದ್ದೆಯಲ್ಲಿ ಕೈಕಾಲು ಒದೆಯುವವನು. ನಿನ್ನ ಮದುವೆಗೆ ಮುಂಚೆ ನಮ್ಮ ಮನೆಯಲ್ಲಿ ನಿನ್ನ ಪಕ್ಕ ಮಲಗಿದವರೆಲ್ಲ ಇದಕ್ಕೆ ಸಾಕ್ಷಿ. ಹಾಗಾಗಿ ನನ್ನ ಮಾತು, ಮಗು ಬೇರೆ ಹಾಸಿಗೆಯಲ್ಲಿ, ತಾಯಿಯ ಕೈಗೆ ಎಟುಕುವ ಹಾಗೆ. ಮಂಚವನ್ನು ಗೋಡೆಗೆ ತಳ್ಳಿ ಮಗುವನ್ನು ಗೋಡೆಕಡೆ ಮಲಗಿಸುವ ಯೋಚನೆ ಬಂದರೆ ಅದನ್ನೂ ಬಿಡು. ಹಾಸಿಗೆಗೂ ಗೋಡೆಗೂ ನಡುವಿನ ಸಂದು ಸಣ್ಣ ಮಗು ಸಿಕ್ಕಿಕೊಳ್ಳೋಕೆ ಸಾಕಾಗುವಷ್ಟು ದೊಡ್ಡದು.

ಹೊದಿಕೆ ಇಲ್ಲದೆ ಚಳಿಯಾಗುವುದಿಲ್ಲವೇ ಅಂದರೆ, ನೀನು ಹಾಕಿಕೊಂಡಿದ್ದಕ್ಕಿಂತ ಒಂದು ಪದರ ಜಾಸ್ತಿ ಹಾಕು, ಸಾಕು. ಅಂಗೈ ಅಂಗಾಲು ಮುಟ್ಟಿ ತೀರ್ಮಾನ ಮಾಡಬೇಡ, ಹೊಸ ಮಕ್ಕಳ ಕೈಕಾಲು ತಣ್ಣಗೇ ಇರುತ್ತದೆ. ಎದೆ ಅಥವಾ ಹಿಂಗತ್ತು ಮುಟ್ಟಿ ನೋಡು. ಬೆವರಿದ್ದರೆ ಒಂದು ಪದರ ತೆಗೆ. ಮನೆಯೊಳಗೆ ಮಲಗಿಸುವಾಗ ಟೋಪಿ ಬೇಡ. ಬಟ್ಟೆ ಸುತ್ತಿ ಮಲಗಿಸುತ್ತೀರಾದರೆ ಎದೆಯ ಹತ್ತಿರ ಬಿಗಿಯಬೇಡಿ, ಸೊಂಟದ ಕೆಳಗೆ ಕಾಲು ಆಡುವಷ್ಟು ಸಡಿಲ ಇರಲಿ. ಹೊರಳುವ ಲಕ್ಷಣ ಕಂಡ ದಿನವೇ ಸುತ್ತುವುದನ್ನು ನಿಲ್ಲಿಸಬೇಕು.

ಪಕ್ಕದಲ್ಲೇ ತೊಟ್ಟಿಲು ಇದ್ದರೆ ಒಂದು ತೊಂದರೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹೊಸ ಮಕ್ಕಳು ಸುಮ್ನೆ ಮಲಗುವುದಿಲ್ಲ. ಮುಲುಕುತ್ತವೆ, ಮೂಗಿನಲ್ಲಿ ಸದ್ದು ಮಾಡುತ್ತವೆ, ಕೈಕಾಲು ಝಾಡಿಸುತ್ತವೆ, ನಿದ್ದೆಗಣ್ಣಲ್ಲೇ ಒಂದು ಸಲ ಕಿರುಚುತ್ತವೆ. ಅವುಗಳ ನಿದ್ದೆಯಲ್ಲಿ ಅರ್ಧದಷ್ಟು ಇಂಥ ಚಡಪಡಿಕೆಯ ನಿದ್ದೆಯೇ. ಬೇಗ ಬೇಗ ಉಸಿರಾಡಿ, ಐದಾರು ಸೆಕೆಂಡು ನಿಲ್ಲಿಸಿ, ಮತ್ತೆ ಶುರು ಮಾಡುವುದೂ ಉಂಟು. ಗಾಬರಿ ಬೇಡ. ಆದರೆ ತುಂಬ ಹೊತ್ತು ನಿಂತರೆ, ತುಟಿ ನೀಲಿಗಟ್ಟಿದರೆ, ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಎಳೆದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡು. ಬರೀ ಮುಲುಕಾಟಕ್ಕೆ ಓಡಿಹೋಗಿ ಎತ್ತಿಕೊಳ್ಳಬೇಡಿ. ಸ್ವಲ್ಪ ಹೊತ್ತು ನೋಡಿ. ಎಷ್ಟೋ ಸಲ ಅದು ನಿದ್ದೆಯಲ್ಲೇ ಇರುತ್ತದೆ, ಎಬ್ಬಿಸುವವರು ನಾವೇ. ರಾತ್ರಿ ಹಾಲಿಗೆ ದೊಡ್ಡ ದೀಪ ಹಾಕಬೇಡ, ನೆಲದ ಹತ್ತಿರ ಮಂದ ಬೆಳಕು ಸಾಕು. ಫೋನಿನ ಬೆಳಕೂ ಬೆಳಕೇ.

ಆರು ತಿಂಗಳಾದ ಮೇಲೆ ಬೇರೆ ರೂಮಿಗೆ ಕಳಿಸಬೇಕಾ ಅಂತ ನಿನ್ನ ಹೆಂಡತಿ ಕೇಳಿದ್ದಳು. ಕಳಿಸಲೇಬೇಕು ಅಂತೇನಿಲ್ಲ. ಅಮೆರಿಕದ ಆ ಮಕ್ಕಳ ಡಾಕ್ಟರುಗಳ ಸಂಘ 2016ರಲ್ಲಿ 'ಸಾಧ್ಯವಾದರೆ ಒಂದು ವರ್ಷ, ಕಡೇಪಕ್ಷ ಆರು ತಿಂಗಳು' ಅಂದಿತ್ತು. 2022ರಲ್ಲಿ 'ಕಡೇಪಕ್ಷ ಆರು ತಿಂಗಳು' ಅಂತಷ್ಟೇ ಉಳಿಸಿಕೊಂಡಿತು. ನಡುವೆ 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಬೇಗನೆ ಬೇರೆ ರೂಮಿಗೆ ಹೋದ ಮಕ್ಕಳು ಒಂಬತ್ತು ತಿಂಗಳ ಹೊತ್ತಿಗೆ ರಾತ್ರಿ ಸ್ವಲ್ಪ ಹೆಚ್ಚೇ ನಿದ್ದೆ ಮಾಡುತ್ತಿದ್ದರು ಅಂತ ಕಂಡುಬಂದಿತ್ತು. ಹಾಗಾಗಿ ಆರು ತಿಂಗಳ ಆಚೆಗಿನದು ನಿಮ್ಮ ಅನುಕೂಲದ ಮಾತು. ನಿದ್ದೆ ಕೆಟ್ಟವಳು ಅವಳು, ತೀರ್ಮಾನವೂ ಅವಳದೇ ಇರಲಿ. ನೀನು ನಡುವೆ ಬಾಯಿ ಹಾಕಬೇಡ.

ನಿಮ್ಮಮ್ಮನಿಗೆ ಭಾನುವಾರ ನಾನೇ ಫೋನ್ ಮಾಡುತ್ತೇನೆ. ಮೊಮ್ಮಗುವಿಗೆ ಅಂತ ಅವಳು ಹೊಲಿದಿಟ್ಟಿರುವ ಆ ಪುಟ್ಟ ದಿಂಬುಗಳ ಜವಾಬ್ದಾರಿ ನನಗೆ ಬಿಡು.

ಇಂತಿ ನಿನ್ನ
ದೊಡ್ಡಮ್ಮ