ರೋಗಿಯ ಪಕ್ಕದಲ್ಲೇ ಪಾಳಿ ಬದಲಾಗಲಿ

ಮಾನ್ಯರೇ,

ಆಸ್ಪತ್ರೆಗಳ ಅನೇಕ ವಾರ್ಡ್‌ಗಳಲ್ಲಿ ಸಿಸ್ಟರ್‌ಗಳ ಒಂದು ಪಾಳಿ ಮುಗಿಯುವ ಕ್ಷಣಕ್ಕೇ ಇನ್ನೊಂದು ಶುರು. ರೋಗಿಗಳ ಹೊಣೆಯ ಹಸ್ತಾಂತರಕ್ಕೆ ಬಿಡುವಿಲ್ಲದೆ ರಿಜಿಸ್ಟರ್ ಓದಿ ಮುಗಿಸುತ್ತಾರೆ. ಡ್ರಿಪ್‌ನ ವೇಗ, ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಜಾಗದ ಊತ, ಮೂತ್ರದ ಚೀಲದ ಅಳತೆ, ಕೊಡದೇ ಉಳಿದ ಡೋಸ್, ಇವನ್ನು ಪಾಳಿ ಮುಗಿಸುವವರು, ವಹಿಸಿಕೊಳ್ಳುವವರು ಇಬ್ಬರೂ ಹಾಸಿಗೆಯ ಬಳಿ ಕಣ್ಣಾರೆ ನೋಡಿಯೇ ಸಹಿ ಹಾಕಬೇಕು.

ಇನ್ಸುಲಿನ್ ವಿಷಯದಲ್ಲಂತೂ ಅವಸರ ಸಲ್ಲದು. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಯೂ ಇದೆ, 100 ಯೂನಿಟ್‌ನದೂ ಇದೆ. 100ರ ಔಷಧವನ್ನು, 40ರ ಬಾಟಲಿಗೆಂದೇ ಗೆರೆ ಹಾಕಿದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 10 ಅಲ್ಲ, 25 ಯೂನಿಟ್. ಸಕ್ಕರೆ ಅಂಶ ಕುಸಿದು ಪ್ರಜ್ಞೆಯೇ ತಪ್ಪಬಹುದು. ಬಾಟಲಿ, ಸಿರಿಂಜು ಎರಡನ್ನೂ ಇನ್ನೊಬ್ಬ ಸಿಸ್ಟರ್ ನೋಡಿ ಖಚಿತಪಡಿಸಬೇಕು.

ರಾತ್ರಿ ಫೋನಿನಲ್ಲಿ ಬರುವ ಆದೇಶದ್ದೂ ಇದೇ ಕಥೆ. ‘ಫಿಫ್ಟೀನ್’, ‘ಫಿಫ್ಟಿ’ ಒಂದೇ ಥರ ಕೇಳಿಸುತ್ತವೆ. ‘ಒಂದು, ಐದು’ ಎಂದು ಬಿಡಿಸಿ ಬರೆದುಕೊಂಡು ವೈದ್ಯರಿಗೆ ಓದಿ ಹೇಳಬೇಕು. ‘ಎಷ್ಟು ಸಲ ಕೇಳ್ತೀರಿ’ ಎಂದು ಗದರಿಸಿಕೊಂಡ ಕಿರಿಯ ಸಿಸ್ಟರ್ ಮತ್ತೆ ಕೇಳಲು ಹೆದರುತ್ತಾರೆ. ಹಿರಿಯ ವೈದ್ಯರು ಇದನ್ನು ದಯವಿಟ್ಟು ಅರಿಯಬೇಕು.

ಪಾಳಿಗಳು 15 ನಿಮಿಷ ಒಂದರೊಳಗೊಂದು ಸೇರುವಂತೆ ಡ್ಯೂಟಿ ಪಟ್ಟಿ ಹಾಕಿ, ಆ ಹೊತ್ತನ್ನೂ ಕೆಲಸದ ಅವಧಿಗೆ ಸೇರಿಸಲಿ.

– ಕೆಲವು ಶುಶ್ರೂಷಾಧಿಕಾರಿಗಳು, ದಾವಣಗೆರೆ