ಕತ್ತರಿ ಕಟ್ಟಿಹಾಕುವುದು ಅಷ್ಟು ಸುಲಭವಲ್ಲ

ಸಂಪಾದಕರಿಗೆ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಆಲ್ಝೈಮರ್ ಬಗ್ಗೆ ಬಂದ ಬರಹ ಓದಿದೆ. ಮೆದುಳಿನ ಒಂದು ಕಿಣ್ವವನ್ನು ತಡೆದುಬಿಟ್ಟರೆ ಮರೆವು ನಿಂತೇಹೋಗುತ್ತದೆ ಎನ್ನುವ ಧಾಟಿ ಅದರದ್ದು. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ನನ್ನ ಅಣ್ಣನಿಗೆ ಇದೇ ಕಾಯಿಲೆ. ಹಾಗಾಗಿ ಸುಮ್ಮನಿರಲು ಆಗಲಿಲ್ಲ.

ಈ ಕಾಯಿಲೆಯಲ್ಲಿ ಮೆದುಳಿನಲ್ಲಿ ಗಂಟುಗಟ್ಟುವ ಅಮೈಲಾಯ್ಡ್ ಎಂಬ ಪ್ರೋಟೀನ್ ತುಣುಕನ್ನು ನೀವು 'ಮೆದುಳಿಗೆ ಸೇರಿಕೊಂಡ ವಿಷ' ಎಂದಿದ್ದೀರಿ. ಅದು ಹೊರಗಿನಿಂದ ಬಂದು ಸೇರುವಂಥದ್ದಲ್ಲ. ನಿಮ್ಮ ಮೆದುಳಿನಲ್ಲೂ ನನ್ನ ಮೆದುಳಿನಲ್ಲೂ ದಿನವೂ ತಯಾರಾಗುತ್ತದೆ. ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಉದ್ದನೆಯ ಪ್ರೋಟೀನ್ ಇದೆ. ಅದರ ಹೆಚ್ಚಿನ ಭಾಗ ಕೋಶದ ಹೊರಗೆ, ಬಾಲ ಮಾತ್ರ ಒಳಗೆ. ಇದನ್ನು ಕೋಶ ಕಿಣ್ವಗಳಿಂದ ತುಂಡು ಮಾಡುತ್ತದೆ. ಕಿಣ್ವ ಅಂದರೆ ಕತ್ತರಿ ಅಂದುಕೊಳ್ಳಿ. ಆಲ್ಫಾ ಕತ್ತರಿ ಮೊದಲು ಬಂದರೆ ಅಮೈಲಾಯ್ಡ್ ಆಗಬೇಕಾದ ತುಣುಕಿನ ನಡುವೆಯೇ ಕತ್ತರಿಸುತ್ತದೆ, ಅಲ್ಲಿಗೆ ಅದು ಹುಟ್ಟುವುದೇ ಇಲ್ಲ. ಬೀಟಾ ಕತ್ತರಿ ಮೊದಲು ಬಂದರೆ, ಅದರ ಹಿಂದೆ ಗಾಮಾ ಬಂದು ಇನ್ನೊಂದು ತುದಿ ಕತ್ತರಿಸುತ್ತದೆ. ಆಗ ಬೀಟಾ ಅಮೈಲಾಯ್ಡ್ ತುಣುಕು ಬೇರೆಯಾಗುತ್ತದೆ.

ಗಾಮಾದ ಕೈ ಅಷ್ಟು ನಿಖರವಲ್ಲ. ಹೆಚ್ಚಿನ ತುಣುಕುಗಳಲ್ಲಿ 40 ಅಮೈನೋ ಆಮ್ಲ ಇರುತ್ತವೆ, ಕೆಲವದರಲ್ಲಿ 42. ಎರಡೇ ಎರಡು ಜಾಸ್ತಿ. ಆದರೆ ಈ 42ರದ್ದೇ ತಾಪತ್ರಯ. ಇವು ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತವೆ. ಮೊದಲು ಚಿಕ್ಕ ಚಿಕ್ಕ ಗುಂಪು, ಆಮೇಲೆ ಗಟ್ಟಿ ಗಂಟು. ವಯಸ್ಸಾದಂತೆ ಇವನ್ನು ಹೊರಹಾಕುವ ವ್ಯವಸ್ಥೆಯೂ ನಿಧಾನವಾಗುತ್ತದೆ. ಮರೆವು ಕಾಣುವ 15-20 ವರ್ಷ ಮೊದಲೇ ಈ ಗಂಟುಗಳು ಶುರುವಾಗಿರುತ್ತವೆ. ಕೋಶದ ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನ್ ಸಿಕ್ಕುಸಿಕ್ಕಾಗುತ್ತದೆ. ನೆನಪು ಹೋಗುವುದರ ಜೊತೆ ಹೆಚ್ಚು ತಾಳೆಯಾಗುವುದು ಈ ಟೌ. ನಿಮ್ಮ ಬರಹದಲ್ಲಿ ಅದರ ಹೆಸರೇ ಇಲ್ಲ!

ಕತ್ತರಿಯನ್ನು ತಡೆಯೋಣ ಎಂಬ ಯೋಚನೆ ಪೆದ್ದುತನದ್ದಲ್ಲ, ಅದನ್ನು ಒಪ್ಪುತ್ತೇನೆ. ಐಸ್‌ಲ್ಯಾಂಡಿನ ಕೆಲವರ ಎಪಿಪಿ ಜೀನ್‌ನಲ್ಲಿ, ಬೀಟಾ ಕತ್ತರಿಸುವ ಜಾಗದ ಪಕ್ಕದಲ್ಲೇ, ಒಂದು ಸಣ್ಣ ಬದಲಾವಣೆ ಇದೆ ಎಂದು 2012ರಲ್ಲಿ ಗೊತ್ತಾಯಿತು. ಪ್ರಯೋಗಾಲಯದ ಕೋಶಗಳಲ್ಲಿ ಆ ಬದಲಾವಣೆಯಿಂದ ಅಮೈಲಾಯ್ಡ್ ಸುಮಾರು 40% ಕಡಿಮೆಯಾಯಿತು. ಅಂಥವರಿಗೆ ಈ ಕಾಯಿಲೆ ಬರುವುದೂ ಅಪರೂಪ. ಆದರೆ ಅವರಿಗೆ ಆ ರಕ್ಷಣೆ ಹುಟ್ಟಿನಿಂದಲೇ ಸಿಕ್ಕಿದ್ದು. ಎಪ್ಪತ್ತು ದಾಟಿದ ಮೇಲೆ ಮಾತ್ರೆ ಕೊಟ್ಟು ಅದನ್ನೇ ನಿರೀಕ್ಷಿಸಿದರೆ ಹೇಗೆ?

ಮಾತ್ರೆಯನ್ನೂ ಕೊಟ್ಟು ನೋಡಿದ್ದಾರೆ. ಗಾಮಾ ತಡೆಯುವ ಸೆಮಾಗಾಸೆಸ್ಟಾಟ್ ಪ್ರಯೋಗವನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ಔಷಧಿ ತೆಗೆದುಕೊಂಡವರ ಸ್ಥಿತಿ ಹುಸಿಮಾತ್ರೆ ತೆಗೆದುಕೊಂಡವರಿಗಿಂತ ಕೆಟ್ಟಿತು, ಚರ್ಮದ ಕ್ಯಾನ್ಸರ್ ಕೂಡ ಹೆಚ್ಚಿತು. ಯಾಕೆಂದರೆ ಗಾಮಾ ಬರೀ ಎಪಿಪಿಯನ್ನು ಕತ್ತರಿಸುವುದಿಲ್ಲ. ನಾಚ್ ಎಂಬ ಬಹಳ ಮುಖ್ಯವಾದ ಪ್ರೋಟೀನ್ ಸೇರಿ ಹತ್ತಾರು ಪ್ರೋಟೀನ್‌ಗಳು ಅದರ ಪಾಲಿಗಿವೆ. ಬೀಟಾ ತಡೆಯುವ ವೆರುಬೆಸೆಸ್ಟಾಟ್ ಅಮೈಲಾಯ್ಡ್ ಅನ್ನು ಚೆನ್ನಾಗಿಯೇ ತಗ್ಗಿಸಿತು. ನೆನಪು ಮಾತ್ರ ಸುಧಾರಿಸಲಿಲ್ಲ. ಅದರ ಪ್ರಯೋಗಗಳೂ 2018ರ ಹೊತ್ತಿಗೆ ನಿಂತವು. ನೀವು 'ಹೊಸ ದಾರಿ' ಎಂದು ಬರೆದದ್ದು ಇದೇ ಹಳೇ ದಾರಿ.

ನಮ್ಮ ಅತ್ತಿಗೆ ಆ ಪುಟವನ್ನು ಮಡಚಿ ಅಣ್ಣನ ಫೈಲಿನಲ್ಲಿ ಇಟ್ಟುಕೊಂಡಿದ್ದಾರೆ, ಡಾಕ್ಟರಿಗೆ ತೋರಿಸಲು. 'ಈ ಮಾತ್ರೆ ಎಲ್ಲಿ ಸಿಗುತ್ತೆ ಕೇಳಮ್ಮ' ಎಂದು ನನಗೆ ಫೋನ್ ಮಾಡಿದರು. ಅಣ್ಣ ಗಣಿತದ ಮೇಷ್ಟ್ರಾಗಿದ್ದವನು. ಈಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಅತ್ತಿಗೆಯೇ ಬೇಕು. ಅವರಿಗೆ ಸೆಮಾಗಾಸೆಸ್ಟಾಟ್ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪತ್ರಿಕೆ ಮಾಡಬೇಕಿದ್ದ ಕೆಲಸ ಅದು, ಅಲ್ವಾ?

ಈಗ ಅಮೆರಿಕದಲ್ಲಿ ಒಪ್ಪಿಗೆ ಪಡೆದಿರುವ ಲೆಕಾನೆಮ್ಯಾಬ್ ಕತ್ತರಿಯ ತಂಟೆಗೆ ಹೋಗುವುದಿಲ್ಲ. ಅದು ಸೇರಿಕೊಂಡ ಅಮೈಲಾಯ್ಡ್ ಅನ್ನು ತೆಗೆಯುವ ಪ್ರತಿಕಾಯ. 18 ತಿಂಗಳ ಪ್ರಯೋಗದಲ್ಲಿ ರೋಗಿಗಳ ಸ್ಥಿತಿ ಹದಗೆಡುವುದು 27% ನಿಧಾನವಾಯಿತು ಎಂದು ಎಲ್ಲರೂ ಬರೆಯುತ್ತಾರೆ. ಕಾಯಿಲೆ ಎಷ್ಟು ಬಲಿತಿದೆ ಎಂದು ನೋಡುವ 18 ಅಂಕಗಳ ಅಳತೆಯಲ್ಲಿ ಆ ವ್ಯತ್ಯಾಸ 0.45 ಅಂಕ ಎಂಬುದನ್ನೂ ಬರೆಯಿರಿ. ಈ ಔಷಧಿ ಕಾಯಿಲೆಯ ಶುರುವಿನ ಹಂತದವರಿಗೆ ಮಾತ್ರ. ಮೆದುಳು ಊದಿಕೊಳ್ಳುವ, ಸಣ್ಣದಾಗಿ ರಕ್ತ ಸೋರುವ ಅಪಾಯವೂ ಇದೆ.

ಇನ್ನು ಮುಂದೆ ಇಂಥ ಸುದ್ದಿ ಹಾಕುವಾಗ, ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಕಾಯಿಲೆಯ ಯಾವ ಹಂತದವರ ಮೇಲೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿ. ಕಳೆದ ವಾರದ ಬರಹಕ್ಕೆ ಒಂದು ತಿದ್ದುಪಡಿಯನ್ನೂ ಅದೇ ಪುಟದಲ್ಲಿ, ಓದಲು ಸಿಗುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ.

– ಒಬ್ಬ ನಿವೃತ್ತ ಶಿಕ್ಷಕಿ